ತಲೆದೆಸೆಯ ಗೋಡೆ

ಹೆಚ್ಚುಕಡಿಮೆ ಮೂರು ವರ್ಷ ನಾನು ಒಂದೇ ಗೋಡೆಯ ಕಡೆಗೆ ತಲೆಯಿಟ್ಟು ಮಲಗಿದೆ. ಅಮೆರಿಕದ ಇಂಡಿಯಾನಾ ರಾಜ್ಯದ ಒಂದು ಪುಟ್ಟ ಊರು. ಊರ ನಡುವೆ ಕೌಂಟಿ ಕೋರ್ಟಿನ ಕಟ್ಟಡ, ಅದನ್ನು ಸುತ್ತುವರಿದ ಚೌಕದ ನಾಲ್ಕೂ ಕಡೆ ಎರಡು ಮೂರು ಅಂತಸ್ತಿನ ಇಟ್ಟಿಗೆ ಕಟ್ಟಡಗಳು. ಒಂದಕ್ಕೊಂದು ಅಂಟಿಕೊಂಡು ನಿಂತ ಸಾಲು. ಡೌನ್‌ಟೌನ್ ಅಂದರೆ ಅಲ್ಲಿ ಅಷ್ಟೇ, ಹತ್ತು ನಿಮಿಷದಲ್ಲಿ ಸುತ್ತಿ ಮುಗಿಯುತ್ತದೆ. ನನ್ನ ಮನೆಯೊಡತಿ ಕೆಳಗೆ ಬಟ್ಟೆ ಮತ್ತು ದಾರದ ಅಂಗಡಿ ಇಟ್ಟಿದ್ದರು, ಮಹಡಿಯ ಮೇಲೆ ನಾನಿದ್ದೆ. ಬೀದಿಗೆ ತೆರೆಯುವ ಕಿರಿದಾದ ಬಾಗಿಲು, ಅದರ ಹಿಂದೆಯೇ ನೆಟ್ಟಗೆ ಮೇಲಕ್ಕೆ ಹೋಗುವ ಮರದ ಮೆಟ್ಟಿಲು. ಕಾಲಿಟ್ಟಲ್ಲೆಲ್ಲ ನಡುವೆ ಸವೆದು ತಗ್ಗಾಗಿದ್ದ ಆ ಮೆಟ್ಟಿಲುಗಳನ್ನು ಕತ್ತಲಲ್ಲೂ ಪಾದವೇ ಗುರುತು ಹಿಡಿಯುತ್ತಿತ್ತು.

ಮಲಗುವ ಕೋಣೆಯ ಗೋಡೆಗೆ ಗಿಲಾವು ಇರಲಿಲ್ಲ. ಯಾರೋ ಹಿಂದಿನ ಬಾಡಿಗೆದಾರರು ಕೆತ್ತಿ ತೆಗೆದು ಇಟ್ಟಿಗೆಯನ್ನು ಕಾಣುವಂತೆ ಬಿಟ್ಟಿದ್ದರು. ತಿಳಿ ಕಿತ್ತಳೆ ಬಣ್ಣದ, ಒಂದರಂತೆ ಒಂದಿಲ್ಲದ ಇಟ್ಟಿಗೆಗಳು. ಉಗುರಿನಿಂದ ಗೀಚಿದರೆ ಪುಡಿ ಉದುರುತ್ತಿತ್ತು. ನನಗದು ಚೆಂದ ಕಾಣುತ್ತಿತ್ತು, ಅಷ್ಟೇ. ಅದರ ಅರ್ಥ ಏನೆಂದು ತಿಳಿದದ್ದು ಎರಡನೇ ಚಳಿಗಾಲದಲ್ಲಿ.

ಆ ಜನವರಿಯ ಒಂದು ರಾತ್ರಿ ಪಕ್ಕದ ಕಟ್ಟಡದ ಹಿಂಭಾಗದ ಚಾವಣಿ ಕುಸಿಯಿತು. ಕೆಳಗೆ ಗಡಿಯಾರ ರಿಪೇರಿಯ ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಮೇಲೆ ಯಾರೂ ಇರಲಿಲ್ಲ. ಚಾವಣಿಯ ನೀರು ಹೋಗುವ ದಾರಿಯಲ್ಲಿ ಎಲೆ ಕಸ ಕಟ್ಟಿ, ನೀರು ನಿಂತು, ತೊಲೆಗಳು ಕೊಳೆತು, ಕೊನೆಗೆ ಹಿಮದ ಭಾರಕ್ಕೆ ಮುರಿದವು. ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ಮೂಟೆ ಇಳಿಸಿದ ಹಾಗೆ ಕೇಳಿಸಿತು, ಮಗ್ಗುಲು ಬದಲಿಸಿ ಮಲಗಿದೆ. ಮಾರ್ಚ್‌ನಲ್ಲಿ ಜೆಸಿಬಿಯಂಥದೊಂದು ಯಂತ್ರ ಬಂದು ನಾಲ್ಕು ದಿನದಲ್ಲಿ ಇಡೀ ಕಟ್ಟಡವನ್ನು ಲಾರಿಗಳಿಗೆ ತುಂಬಿ ಸಾಗಿಸಿತು.

ಐದನೇ ದಿನ ನಾನು ಆ ಖಾಲಿ ಜಾಗದಲ್ಲಿ ನಿಂತು ನನ್ನ ಮನೆಯ ಗೋಡೆಯ ಆ ಬದಿಯನ್ನು ಮೊದಲ ಸಲ ನೋಡಿದೆ. ಇಲ್ಲದ ಮನೆಯೊಂದರ ಒಳಗು ಅಲ್ಲಿ ಬಯಲಿಗೆ ಬಿದ್ದಿತ್ತು. ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಹತ್ತಿದ ಮೆಟ್ಟಿಲಿನ ಗುರುತು, ಹಲ್ಲು ಹಲ್ಲಾಗಿ. ಮೇಲಿನ ಅಂತಸ್ತಿನಲ್ಲಿ ಹೂಬಳ್ಳಿಯ ವಾಲ್‌ಪೇಪರು, ಅದು ಹರಿದಲ್ಲಿ ಅದರಡಿಯ ಹಸಿರು ಪಟ್ಟಿಯ ವಾಲ್‌ಪೇಪರು, ಇನ್ನೂ ಕೆಳಗೆ ನೀಲಿ ಸುಣ್ಣ. ಹೊಗೆ ಹಿಡಿದ ಕೊಳವೆಯ ಕಪ್ಪು. ಇವುಗಳ ನಡುವೆ ಅಡ್ಡಲಾಗಿ, ಸಮ ಅಂತರದಲ್ಲಿ, ಅಂಗೈಯಷ್ಟು ಅಗಲದ ಗೂಡುಗಳ ಸಾಲು. ಪಕ್ಕದ ಮನೆಯ ನೆಲದ ತೊಲೆಗಳು ಕೂತಿದ್ದ ಜಾಗಗಳವು. ನನ್ನ ಗೋಡೆಯ ಮೇಲೆಯೇ ಕೂತಿದ್ದವು. ಅದು ನನ್ನ ಗೋಡೆ ಮಾತ್ರ ಆಗಿರಲೇ ಇಲ್ಲ.

ಈ ಪಟ್ಟಣಗಳ ಅಂಗಡಿ ಬೀದಿಗಳನ್ನು ಅರ್ಥ ಮಾಡಿಕೊಳ್ಳಲು ನನಗೆ ಬೇಕಾಗಿದ್ದ ಬೀಗದ ಕೈ ಈ ಜಂಟಿ ಗೋಡೆ. ನಾವು ಮುಂಭಾಗದ ಅಲಂಕಾರ ನೋಡುತ್ತೇವೆ. ಕಮಾನು, ಕಂಬ, ಚಾವಣಿಯಂಚಿನ ಕುಸುರಿ, ಕಟ್ಟಿದ ವರ್ಷ. ಕಟ್ಟಡ ನಿಂತಿರುವುದು ಮಾತ್ರ ಅಕ್ಕಪಕ್ಕದ ಗೋಡೆಗಳ ಮೇಲೆ. ನಿವೇಶನಗಳ ಅಗಲ ಸಾಮಾನ್ಯವಾಗಿ 20ರಿಂದ 25 ಅಡಿ. ಬೀದಿಯ ಬದಿಯ ಜಾಗ ದುಬಾರಿ, ಆದ್ದರಿಂದ ಮುಖ ಚಿಕ್ಕದು, ಉದ್ದ ಹಿಂದಕ್ಕೆ. ಜೊತೆಗೆ, ನಡುವೆ ಕಂಬ ಕೊಡದೆ ಒಂದು ಗೋಡೆಯಿಂದ ಇನ್ನೊಂದಕ್ಕೆ ಮರದ ತೊಲೆ ಹಾಸಲು ಹದವಾಗಿ ಒದಗುವ ದೂರವೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಮನೆಯ ತೊಲೆಗಳು ನಡುವಿನ ಒಂದೇ ಗೋಡೆಯ ಮೇಲೆ ಕೂರುತ್ತವೆ, ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ. ಇಟ್ಟಿಗೆ ಉಳಿಯಿತು, ಜಾಗ ಉಳಿಯಿತು, ಚಳಿಯೂ ಕಡಿಮೆಯಾಯಿತು.

ಬೆಂಕಿಯ ಭಯವೂ ಈ ಗೋಡೆಯಲ್ಲೇ ಬರೆದಿದೆ. 19ನೇ ಶತಮಾನದ ಈ ಊರುಗಳಲ್ಲಿ ಮೊದಲು ಎದ್ದದ್ದು ಮರದ ಅಂಗಡಿಗಳು, ಹೆಚ್ಚಿನ ಕಡೆ ಅವು ಒಂದಲ್ಲ ಒಂದು ದಿನ ಸಾಲಾಗಿ ಸುಟ್ಟುಹೋದವು. 1871ರ ಷಿಕಾಗೊ ಅಗ್ನಿ ದುರಂತ ಎಲ್ಲರಿಗೂ ಗೊತ್ತು, ಪುಟ್ಟ ಊರುಗಳ ಬೆಂಕಿಗಳಿಗೆ ಲೆಕ್ಕವಿಲ್ಲ. ಆಮೇಲೆ ಊರ ನಡುಭಾಗಕ್ಕೆ ಗಡಿ ಹಾಕಿ, ಅದರೊಳಗೆ ಮರದ ಕಟ್ಟಡ ಕಟ್ಟಕೂಡದು ಎಂದು ನಿಯಮ ತಂದರು. ಜಂಟಿ ಗೋಡೆಯನ್ನು ಚಾವಣಿಗಿಂತ ಮೇಲಕ್ಕೆ ಏರಿಸಿದ್ದು ಇದಕ್ಕೇ, ಒಂದು ಚಾವಣಿಯ ಬೆಂಕಿ ಇನ್ನೊಂದಕ್ಕೆ ಹಾರದಿರಲಿ ಎಂದು.

ಗೂಡುಗಳ ವಿಷಯ ನನಗೆ ಹೇಳಿಕೊಟ್ಟವರು ಆ ವರ್ಷ ಬೇಸಿಗೆಯಲ್ಲಿ ಗೋಡೆ ನೋಡಲು ಬಂದ ಒಬ್ಬ ಹಿರಿಯ ಗಾರೆ ಕೆಲಸದವರು. ನೆಲದಲ್ಲಿ ಬಿದ್ದಿದ್ದ ಒಂದು ತೊಲೆಯ ತುಂಡನ್ನು ಎತ್ತಿ ಅದರ ತುದಿ ತೋರಿಸಿದರು. ನೇರವಾಗಿ ಕತ್ತರಿಸಿರಲಿಲ್ಲ, ಓರೆಯಾಗಿ ಕೊಯ್ದಿದ್ದರು, ಮೇಲ್ಭಾಗ ಮೋಟು, ಕೆಳಭಾಗ ಉದ್ದ. ಬಡಗಿಯ ಕೈತಪ್ಪು ಅಂದುಕೊಂಡೆ. ಅಲ್ಲವಂತೆ. ಮನೆಗೆ ಬೆಂಕಿ ಬಿದ್ದಾಗ ತೊಲೆ ನಡುವೆ ಸುಟ್ಟು ಮುರಿದು ಕೆಳಗೆ ಬೀಳುತ್ತದೆ. ತುದಿ ಚೌಕವಾಗಿದ್ದರೆ ಅದು ಗೂಡಿನಲ್ಲಿ ಸಿಕ್ಕಿಕೊಂಡು, ಹಾರೆಯಂತೆ ಮೀಟಿ, ಗೋಡೆಯನ್ನೇ ಉರುಳಿಸುತ್ತದೆ. ಓರೆಯಾಗಿದ್ದರೆ ಗೂಡಿನಿಂದ ಮೆಲ್ಲನೆ ಜಾರಿ ತಾನೊಂದೇ ಬೀಳುತ್ತದೆ, ಗೋಡೆ ನಿಲ್ಲುತ್ತದೆ, ಪಕ್ಕದ ಮನೆ ಉಳಿಯುತ್ತದೆ.

ಆ ತುಂಡನ್ನು ಹಿಡಿದು ನಾನು ಬಹಳ ಹೊತ್ತು ನಿಂತಿದ್ದೆ. ಬೀಳುವ ಕಾಲ ಬಂದರೆ ಹೇಗೆ ಬೀಳಬೇಕು ಎಂಬುದನ್ನು ಕಟ್ಟುವ ದಿನವೇ ಯೋಚಿಸಿದ್ದರು. ಮುಂಭಾಗದ ಯಾವ ಕುಸುರಿಯೂ ನನ್ನನ್ನು ಇಷ್ಟು ತಟ್ಟಿಲ್ಲ.

ಇಟ್ಟಿಗೆಯ ಕಥೆಯನ್ನೂ ಅವರೇ ಹೇಳಿದರು. ಹಳೆಯ ಭಟ್ಟಿಗಳಲ್ಲಿ ಉರಿಗೆ ಹತ್ತಿರವಿದ್ದ ಇಟ್ಟಿಗೆ ಚೆನ್ನಾಗಿ ಬೆಂದು ಗಟ್ಟಿಯಾಗಿ ಕಡುಗೆಂಪಾಗುತ್ತಿತ್ತು. ದೂರವಿದ್ದದ್ದು ಅರೆಬೆಂದು, ಮೆದುವಾಗಿ, ಕಿತ್ತಳೆ ಬಣ್ಣಕ್ಕೆ ನಿಲ್ಲುತ್ತಿತ್ತು. ಗಟ್ಟಿ ಇಟ್ಟಿಗೆ ಬೀದಿಯ ಮುಖಕ್ಕೆ, ಮಳೆಗೆ ಒಡ್ಡಿದ ಬದಿಗೆ. ಅರೆಬೆಂದದ್ದು ಒಳಗೋಡೆಗೆ, ಜಂಟಿ ಗೋಡೆಗೆ. ಯಾರೂ ಮೋಸ ಮಾಡಿದ್ದಲ್ಲ. ಎರಡೂ ಕಡೆ ಮನೆಯಿರುವ ಗೋಡೆಗೆ ಮಳೆ ಎಲ್ಲಿಂದ ಬರಬೇಕು? "ಈ ಗೋಡೆ ಹೊರಗೆ ನಿಲ್ಲೋಕೆ ಹುಟ್ಟಿದ್ದಲ್ಲ" ಎಂದರು ಅವರು, ಅಂಗೈಯಿಂದ ಅದನ್ನು ಸವರುತ್ತ.

ಅವರು ಬರುವ ಹೊತ್ತಿಗೆ ಒಂದು ತಪ್ಪು ಆಗಿಹೋಗಿತ್ತು. ಕಟ್ಟಡ ಕೆಡವಿದ ಮೇಲೆ ಮೊದಲು ಬಂದ ಕಾಂಟ್ರಾಕ್ಟರು ಗೋಡೆಯ ಕೆಳಗಿನ ಅರ್ಧದ ಸಂದುಗಳನ್ನು ಗಟ್ಟಿ ಸಿಮೆಂಟಿನಿಂದ ತುಂಬಿದ್ದರು. ನೋಡಲು ಅಚ್ಚುಕಟ್ಟು. ಆದರೆ ಹಳೆಯ ಗೋಡೆಯ ಗಾರೆ ಸುಣ್ಣ ಮತ್ತು ಮರಳಿನದು, ಇಟ್ಟಿಗೆಗಿಂತ ಮೆದುವಾದದ್ದು. ಗೋಡೆ ಕುಡಿದ ನೀರು ಆ ಸುಣ್ಣದ ಸಂದುಗಳ ಮೂಲಕವೇ ಹೊರಗೆ ಆರಬೇಕು, ಗೋಡೆ ಹಿಗ್ಗಿ ಕುಗ್ಗುವಾಗ ಬಾಗಿಕೊಡುವುದೂ ಅದೇ. ಸವೆಯುವುದಿದ್ದರೂ ಅದೇ ಮೊದಲು ಸವೆಯಬೇಕು, ಮತ್ತೆ ತುಂಬಬಹುದು. ಸಿಮೆಂಟು ಹಾಕಿದರೆ ಲೆಕ್ಕ ತಲೆಕೆಳಗು. ನೀರು ಇಟ್ಟಿಗೆಯೊಳಗೇ ಸಿಕ್ಕಿಬೀಳುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟುವಾಗ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಇಟ್ಟಿಗೆಯ ಮುಖ ಪದರ ಪದರವಾಗಿ ಸಿಡಿದು ಉದುರುತ್ತದೆ. ನನ್ನ ಮೂರನೇ ಚಳಿಗಾಲದಲ್ಲಿ ಸಿಮೆಂಟು ತುಂಬಿದ ಭಾಗದ ಕೆಳಗೆ ದಿನವೂ ಕೆಂಪು ಚೂರುಗಳ ಗುಡ್ಡೆ ಬೀಳುತ್ತಿತ್ತು. ಸಂದುಗಳು ಜಾಲರಿಯ ಹಾಗೆ ಉಬ್ಬಿ ನಿಂತವು, ನಡುವಿನ ಇಟ್ಟಿಗೆ ಒಳಕ್ಕೆ ಸವೆದುಹೋಯಿತು. ಒಳಗೆ, ನನ್ನ ತಲೆದೆಸೆಯಲ್ಲಿ, ಗೋಡೆ ಐಸಿನಷ್ಟು ತಣ್ಣಗಿತ್ತು. ಬೆಳಗ್ಗೆ ಎದ್ದರೆ ದಿಂಬಿನ ಅಂಚು ತೇವ.

ನಾನು ಮಂಚವನ್ನು ಎದುರು ಗೋಡೆಗೆ ಸರಿಸಿದೆ. ಆ ಬದಿಯ ಕಟ್ಟಡದಲ್ಲಿ ಇನ್ನೂ ಜನರಿದ್ದರು.

ಇದೆಲ್ಲ ಆದ ಮೇಲೆ ನಾನು ಆ ಚೌಕವನ್ನು ಸುತ್ತುವ ರೀತಿಯೇ ಬದಲಾಯಿತು. ಸಂಜೆ ಎದುರು ಬದಿಯ ಪಾದಚಾರಿ ದಾರಿಯಲ್ಲಿ ನಿಂತು ಒಂದೊಂದೇ ಮುಖವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದೆ. ನೆಲದ ಅಂತಸ್ತು ಗಾಜು. ಗಾಜಿನ ಕೆಳಗೆ ಮೊಳಕಾಲೆತ್ತರದ ಮರದ ಅಡಿಪಟ್ಟಿ, ಮಳೆನೀರು ಎರಚಿದರೆ ಅದಕ್ಕೆ. ಬಾಗಿಲು ಮೂರು ನಾಲ್ಕು ಅಡಿ ಒಳಕ್ಕೆ, ಕೊಡೆ ಮಡಚಿಕೊಳ್ಳಲು, ಸರಕನ್ನು ಎರಡು ಬದಿಯಿಂದ ನೋಡಲು. ಮೇಲೆ ಇನ್ನೊಂದು ಗಾಜಿನ ಪಟ್ಟಿ, ಅದರ ಕೆಲಸ ಬೆಳಕು ಒಳಗೆ ಕಳಿಸುವುದು. 25 ಅಡಿ ಅಗಲ, ಅದರ ನಾಲ್ಕು ಪಟ್ಟು ಉದ್ದದ ಅಂಗಡಿಗೆ ಎರಡು ಪಕ್ಕದಲ್ಲೂ ಕಿಟಕಿಯಿಲ್ಲ ಅಂದರೆ ಬೆಳಕು ದೊಡ್ಡ ಚಿಂತೆ. 1890ರ ದಶಕದಲ್ಲಿ ಷಿಕಾಗೊದ ಲಕ್ಸ್‌ಫರ್ ಕಂಪನಿ ಇದಕ್ಕೆಂದೇ ಸಣ್ಣ ಚೌಕದ ಗಾಜುಗಳನ್ನು ತಂದಿತು, ಒಳಮುಖದಲ್ಲಿ ಪಟ್ಟಕದ ಗೆರೆಗಳಿರುವಂಥವು. ಆಕಾಶದಿಂದ ಓರೆಯಾಗಿ ಬಿದ್ದ ಬೆಳಕನ್ನು ಅವು ಬಗ್ಗಿಸಿ ಅಂಗಡಿಯ ಒಳಮೂಲೆಗೆ ಎಸೆಯುತ್ತವೆ. ಮುಂದೆ ಹೆಸರಾಂತ ವಾಸ್ತುಶಿಲ್ಪಿಯಾದ, ಆಗಿನ್ನೂ ತರುಣನಾಗಿದ್ದ ಫ್ರಾಂಕ್ ಲಾಯ್ಡ್ ರೈಟ್ ಅವಕ್ಕೆ ವಿನ್ಯಾಸ ಮಾಡಿಕೊಟ್ಟಿದ್ದ. ನನ್ನ ಮನೆಯೊಡತಿಯ ಅಂಗಡಿಯಲ್ಲಿ ಅಂಥ ಗಾಜು ಇತ್ತು, ಅದರ ಮೇಲೆ ಯಾವ ಕಾಲದಲ್ಲೋ ಹೊಡೆದ ಪ್ಲೈವುಡ್ ಹಲಗೆಯೂ ಇತ್ತು. ಹಲಗೆ ತೆಗೆದ ದಿನ ನಾನೂ ಏಣಿ ಹಿಡಿದಿದ್ದೆ. ಧೂಳು ಒರೆಸಿದ ಮೇಲೆ ಬೆಳಕು ಹಿಂದಿನ ಕಪಾಟಿನ ದಾರದ ಉಂಡೆಗಳವರೆಗೆ ಹೋಗಿ ನಿಂತಿತು. ಅವರು ಮಾತಾಡಲಿಲ್ಲ, ಕುರ್ಚಿ ಎಳೆದುಕೊಂಡು ಆ ಬೆಳಕಿನಲ್ಲಿ ಕೂತರು.

ಮುಂಭಾಗದ ಕಂಬಗಳು ಕಲ್ಲಿನವೆಂದು ಮೊದಲು ನಂಬಿದ್ದೆ. ಅಯಸ್ಕಾಂತ ಹಿಡಿದರೆ ಅಂಟಿಕೊಂಡಿತು. ಬೀಡು ಕಬ್ಬಿಣ. ಮೇಲಿನ ಅಂತಸ್ತಿನ ಅಂಚಿನ ಹೂವು, ಬಳ್ಳಿ, ತಿರುಗಣೆಗಳೆಲ್ಲ ತೆಳು ತಗಡನ್ನು ಅಚ್ಚಿನಲ್ಲಿ ಒತ್ತಿ ಬಣ್ಣ ಬಳಿದವು. ಕಂಬದ ಬುಡದಲ್ಲಿ ಹೆಸರಿತ್ತು. ಇಂಡಿಯಾನಾದ ಎವಾನ್ಸ್‌ವಿಲ್‌ನ ಜಾರ್ಜ್ ಎಲ್. ಮೆಸ್ಕರ್ ಕಂಪನಿ. ಅವನ ಸಹೋದರರದು ಸೇಂಟ್ ಲೂಯಿಯಲ್ಲಿ ಇನ್ನೊಂದು ಕಾರ್ಖಾನೆ. ಎರಡೂ ಊರೂರಿಗೆ ಅಂಚೆಯಲ್ಲಿ ಕ್ಯಾಟಲಾಗು ಕಳಿಸುತ್ತಿದ್ದವು. ಅಂಗಡಿಯವನು ತನ್ನ ಕಟ್ಟಡದ ಅಳತೆ ಬರೆದು ಕಳಿಸಿದರೆ ಇಡೀ ಮುಂಭಾಗ ತುಂಡು ತುಂಡಾಗಿ ರೈಲಿನಲ್ಲಿ ಬಂದಿಳಿಯುತ್ತಿತ್ತು, ಊರಿನ ಬಡಗಿ ಜೋಡಿಸುತ್ತಿದ್ದ. ದೊಡ್ಡ ವಾಸ್ತುಶಿಲ್ಪಿಗಳು ಇದನ್ನು ಕೀಳಾಗಿ ಕಂಡಿದ್ದರೆ ಅಚ್ಚರಿಯಿಲ್ಲ. ನಾನು ಹಾಗೆ ಕಾಣಲಾರೆ. ಸಾವಿರ ಜನರ ಊರಿನ ಔಷಧಿ ಅಂಗಡಿಯವನು ತನ್ನ ಬೀದಿಯೂ ಚೆಂದವಿರಲಿ ಎಂದು ಆಸೆಪಟ್ಟು, ಕೈಗೆಟಕುವ ದುಡ್ಡಿನಲ್ಲಿ ಅದನ್ನು ಈಡೇರಿಸಿಕೊಂಡ.

ಇದೇ ಮುಖಗಳಿಗೆ ಮುಂದೆ ನಾಚಿಕೆ ಬಂತು. 1930ರ ದಶಕದ ಮುಗ್ಗಟ್ಟಿನಲ್ಲಿ ಸರ್ಕಾರವೇ ಅಂಗಡಿಗಳ ನವೀಕರಣದ ಸಾಲಕ್ಕೆ ಬೆಂಬಲ ಕೊಟ್ಟಿತು, ಗಾಜಿನ ಕಂಪನಿಗಳು ಹೊಸ ಮುಂಭಾಗಗಳನ್ನು ಮಾರಿದವು. ಆಗ ಬಂದ ಕಪ್ಪು, ಹಸಿರು ಹೊಳಪಿನ ವಿಟ್ರೊಲೈಟ್, ಕರಾರಾ ಗಾಜುಗಳೂ ಈಗ ಹಳೆಯವಾಗಿವೆ, ಅವೂ ಚೆಂದವೇ. 1950, 60ರ ದಶಕದಲ್ಲಿ ಆದದ್ದನ್ನು ಮಾತ್ರ ನಾನು ಒಪ್ಪಲಾರೆ. ಊರ ಹೊರಗೆ ಹೆದ್ದಾರಿ ಪಕ್ಕ ಹೊಸ ಮಳಿಗೆಗಳು ಎದ್ದಾಗ ಅವುಗಳಂತೆ ಕಾಣಬೇಕೆಂದು ಇಡೀ ಮುಖಕ್ಕೆ ಅಲ್ಯೂಮಿನಿಯಂ ತಗಡು ಹೊದಿಸಿದರು. ಕಿಟಕಿ, ಕಮಾನು ಎಲ್ಲ ಒಳಗೆ ಹೂತುಹೋದವು. ತಗಡು ಕೂರಿಸಲು ಚಾವಣಿಯಂಚಿನ ಕುಸುರಿಯನ್ನು ಕೆಲವರು ಕೊಯ್ದೇ ಹಾಕಿದರು. ಇನ್ನು ಕೆಲವರು ಇಟ್ಟಿಗೆ ಹೊಳೆಯಲೆಂದು ಒತ್ತಡದಲ್ಲಿ ಮರಳು ಎರಚಿ ತಿಕ್ಕಿಸಿದರು. ಹಾಗೆ ತಿಕ್ಕಿದರೆ ಬೆಂಕಿಯಲ್ಲಿ ಬೆಂದು ಗಟ್ಟಿಯಾದ ಚರ್ಮವೇ ಹೋಗುತ್ತದೆ, ಒಳಗಿನ ಮೆದು ತಿರುಳು ಮಳೆಗೆ ಸಿಗುತ್ತದೆ. ನಮ್ಮ ಚೌಕದಲ್ಲಿ ಅಂಥ ಮೂರು ಕಟ್ಟಡಗಳಿದ್ದವು, ಸಿಡುಬಿನ ಕಲೆಯಿರುವ ಮುಖದಂತೆ.

ಒಂದು ಅಕ್ಟೋಬರ್‌ನಲ್ಲಿ ಮ್ಯಾಡಿಸನ್‌ಗೆ ಹೋಗಿದ್ದೆ. ಇಂಡಿಯಾನಾದಲ್ಲೇ ಒಹಾಯೊ ನದಿಯ ದಂಡೆಯ ಊರು, 1809ರಷ್ಟು ಹಿಂದೆ ಶುರುವಾದದ್ದು. ನದಿಯ ದೋಣಿಗಳ ಕಾಲದಲ್ಲಿ ಬೆಳೆಯಿತು, 1847ರಲ್ಲಿ ಇಂಡಿಯಾನಾಪೊಲಿಸ್‌ವರೆಗೆ ರೈಲು ಹಾಕಿತು, ಆಮೇಲೆ ಬೇರೆ ಊರುಗಳ ರೈಲುಗಳು ವ್ಯಾಪಾರವನ್ನೆಲ್ಲ ಆ ಕಡೆ ಎಳೆದವು. ಹಳೆಯದನ್ನು ಕೆಡವಿ ಹೊಸದು ಕಟ್ಟುವ ಅವಸರ ಅಲ್ಲಿ ಯಾರಿಗೂ ಬರಲಿಲ್ಲ. ಈಗ ಅದರ 133 ಬ್ಲಾಕ್‌ಗಳು ರಾಷ್ಟ್ರೀಯ ಚಾರಿತ್ರಿಕ ಹೆಗ್ಗುರುತು, 2006ರಿಂದ. 1977ರಲ್ಲಿ ಚಾರಿತ್ರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಪುಟ್ಟ ಊರುಗಳ ಅಂಗಡಿ ಬೀದಿಗಳನ್ನು ಉಳಿಸುವ ಬಗೆ ಹುಡುಕಲು ಆರಿಸಿಕೊಂಡ ಮೂರು ಊರುಗಳಲ್ಲಿ ಇದೊಂದು. ಉಳಿದೆರಡು ಇಲಿನಾಯ್‌ನ ಗೇಲ್ಸ್‌ಬರ್ಗ್, ದಕ್ಷಿಣ ಡಕೋಟಾದ ಹಾಟ್ ಸ್ಪ್ರಿಂಗ್ಸ್. ಅಲ್ಲಿ ಕಲಿತದ್ದು ಮುಂದೆ ಮೇನ್ ಸ್ಟ್ರೀಟ್ ಯೋಜನೆಯಾಗಿ ನೂರಾರು ಊರುಗಳಿಗೆ ಹೋಯಿತು. ಕಟ್ಟಡವನ್ನು ಮಾತ್ರ ನೋಡಿದರೆ ಸಾಲದು, ಒಳಗಿನ ವ್ಯಾಪಾರ ನಡೆಯಬೇಕು, ಅಂಗಡಿಯವರೆಲ್ಲ ಒಟ್ಟಿಗೆ ಕೂತು ಮಾತಾಡಬೇಕು ಎಂಬುದು ಅದರ ಹುರುಳು.

ಜನ ಅಲ್ಲಿ ನೋಡಲು ಹೋಗುವುದು 1844ರ ಲೇನಿಯರ್ ಮಹಲನ್ನು. ಕಂಬಗಳ ಎತ್ತರ, ಸುರುಳಿ ಮೆಟ್ಟಿಲು, ಎಲ್ಲ ಸರಿ, ಚೆಂದವಿದೆ. ನಾನು ಅರ್ಧ ಗಂಟೆಯಲ್ಲಿ ಹೊರಬಂದು ಮುಖ್ಯ ಬೀದಿಗೆ ಹೋದೆ. ಅಂಗಡಿ ಸಾಲಿನ ಚಾವಣಿಯಂಚು ಒಂದರ ಪಕ್ಕ ಒಂದು, ಒಂದಿಷ್ಟು ಮೇಲೆ, ಒಂದಿಷ್ಟು ಕೆಳಗೆ, ಎಲ್ಲೂ ಕೈ ಬಿಡದೆ ಸಾಗುತ್ತದೆ. ಯಾವೊಂದು ಕಟ್ಟಡವನ್ನೂ ಕಿತ್ತು ಬೇರೆಡೆ ಇಟ್ಟರೆ ಅದು ಸಾಧಾರಣ. ಅಲ್ಲಿ ನಿಂತಾಗ ಹಾಗಲ್ಲ. ನಡುನಡುವೆ ನಕ್ಷತ್ರದ ಆಕಾರದ ಕಬ್ಬಿಣದ ಬಿಲ್ಲೆಗಳು ಗೋಡೆಯ ಮೇಲೆ ಕಂಡರೆ ಅವನ್ನು ಅಲಂಕಾರ ಅಂದುಕೊಳ್ಳಬೇಡಿ. ಹೊರಕ್ಕೆ ವಾಲುವ ಗೋಡೆಯನ್ನು ಒಳಗಿನ ತೊಲೆಗೆ ಬಿಗಿದು ಕಟ್ಟಿದ ಸಲಾಕೆಯ ತುದಿ ಅದು.

ಊರಿಗೆ ಮರಳುವಾಗ ದಾರಿಯುದ್ದಕ್ಕೂ ನನಗೆ ಮೇಲಿನ ಅಂತಸ್ತುಗಳದೇ ಯೋಚನೆ. ಇಂಥ ಬೀದಿಗಳಲ್ಲಿ ಮಹಡಿಗಳು ಹಿಂದೆ ತುಂಬಿರುತ್ತಿದ್ದವು. ವಕೀಲರ ಕಚೇರಿ, ಹಲ್ಲಿನ ವೈದ್ಯರು, ಫ್ರೀಮೇಸನ್ ಎಂಬ ಸಂಘದವರ ಸಭಾಂಗಣ, ಕೆಲವೆಡೆ ಮೂರನೇ ಅಂತಸ್ತಿನಲ್ಲಿ ನಾಟಕದ ಥಿಯೇಟರು. ಈಗ ಮಹಡಿ ಬಾಡಿಗೆಗೆ ಕೊಡಬೇಕೆಂದರೆ ಬೆಂಕಿಯ ನಿಯಮದ ಪ್ರಕಾರ ಎಷ್ಟೋ ಕಡೆ ಎರಡನೇ ಮೆಟ್ಟಿಲು ಬೇಕು, 25 ಅಡಿಯಲ್ಲಿ ಅದಕ್ಕೆ ಜಾಗವಿಲ್ಲ, ದುಡ್ಡೂ ಇಲ್ಲ. ಚಾರಿತ್ರಿಕ ಕಟ್ಟಡವನ್ನು ನಿಯಮದಂತೆ ದುರಸ್ತಿ ಮಾಡಿ ಬಾಡಿಗೆ ಅಥವಾ ವ್ಯಾಪಾರಕ್ಕೆ ಬಳಸಿದರೆ ಖರ್ಚಿನ ಶೇ. 20ರಷ್ಟು ಕೇಂದ್ರದ ತೆರಿಗೆಯಲ್ಲಿ ಬಿಡುತ್ತಾರೆ. ಒಳ್ಳೆಯದೇ. ಆದರೆ ಮೊದಲು ಕೈಯಿಂದ ಹಾಕಲು ದುಡ್ಡಿರಬೇಕಲ್ಲ? ಹಾಗಾಗಿ ಮಾಲೀಕರು ಕೆಳಗಿನ ಬಾಡಿಗೆಯಲ್ಲಿ ತೃಪ್ತಿಪಟ್ಟು ಮಹಡಿಗೆ ಬೀಗ ಹಾಕುತ್ತಾರೆ. ಮೇಲೆ ಯಾರೂ ಇಲ್ಲದಿದ್ದರೆ ಸೋರುವ ಮೊದಲ ಹನಿಯನ್ನು ನೋಡುವವರು ಯಾರು? ನನ್ನ ಪಕ್ಕದ ಕಟ್ಟಡವನ್ನು ಕೊಂದದ್ದು ಹಿಮವಲ್ಲ. ಅಲ್ಲಿ ಒಬ್ಬ ಬಾಡಿಗೆದಾರ ಇದ್ದಿದ್ದರೆ, ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕಿದ ಮರುದಿನವೇ ಯಾರಾದರೂ ಚಾವಣಿ ಹತ್ತಿ ಒಂದು ಹಿಡಿ ಎಲೆ ತೆಗೆದುಹಾಕುತ್ತಿದ್ದರು.

ಆ ಹಿರಿಯರು ಕೊನೆಗೆ ಗೋಡೆಯನ್ನು ಆದಷ್ಟು ಸರಿಮಾಡಿದರು. ಸಿಮೆಂಟನ್ನು ಯಂತ್ರ ಬಳಸದೆ ಉಳಿ ಸುತ್ತಿಗೆಯಲ್ಲಿ ಒಂದೊಂದೇ ಸಂದಿನಿಂದ ಬಿಡಿಸಿ, ಸುಣ್ಣದ ಗಾರೆ ತುಂಬಿ, ತೀರಾ ಹೋದ ಇಟ್ಟಿಗೆಗಳ ಬದಲು ಕೆಡವಿದ ಕಟ್ಟಡದ್ದೇ ಗಟ್ಟಿ ಇಟ್ಟಿಗೆ ಕೂರಿಸಿ, ಮೇಲೆ ಸುಣ್ಣದ ಗಿಲಾವು ಹೊದಿಸಿದರು. ಮೆಟ್ಟಿಲಿನ ಗುರುತೂ ಹೂಬಳ್ಳಿಯೂ ಅದರಡಿ ಹೋದವು. ನನಗೆ ಬೇಸರವಾಯಿತು, ಆದರೂ ಅದು ಆಗಲೇಬೇಕಿತ್ತು. ಅಷ್ಟರಲ್ಲಿ ನನ್ನ ಕೆಲಸ ಬೇರೆ ರಾಜ್ಯಕ್ಕೆ ಹೋಯಿತು.

ಅಲ್ಲಿಂದ ಹೊರಡುವ ಮುನ್ನ ಸ್ಯಾನ್‌ಬೋರ್ನ್ ನಕ್ಷೆಗಳನ್ನು ಹುಡುಕಿದೆ. 1867ರಲ್ಲಿ ಶುರುವಾದ ಆ ಕಂಪನಿ ಅಗ್ನಿ ವಿಮೆಗೆಂದು ದೇಶದ ಸುಮಾರು 12,000 ಊರುಗಳ ಕಟ್ಟಡ ಕಟ್ಟಡವನ್ನೂ ಅಳೆದು ನಕ್ಷೆ ಮಾಡಿತ್ತು, 50 ಅಡಿಗೆ ಒಂದು ಇಂಚಿನಂತೆ. ಇಟ್ಟಿಗೆಯ ಮನೆಗೆ ಗುಲಾಬಿ ಬಣ್ಣ, ಮರದ್ದಕ್ಕೆ ಹಳದಿ, ಕಲ್ಲಿನದ್ದಕ್ಕೆ ನೀಲಿ. ಎಷ್ಟು ಅಂತಸ್ತು, ಗೋಡೆಯಲ್ಲಿ ಎಲ್ಲಿ ಕಿಂಡಿ, ಎಲ್ಲ ಗುರುತು ಹಾಕಿದ್ದಾರೆ. ಕಟ್ಟಡ ಬದಲಾದರೆ ಹೊಸ ನಕ್ಷೆ ಮುದ್ರಿಸುವ ಬದಲು ಅಷ್ಟೇ ಗಾತ್ರದ ಚೂರು ಕಾಗದವನ್ನು ಹಳೆಯದರ ಮೇಲೆ ಅಂಟಿಸುತ್ತಿದ್ದರು. ಲೈಬ್ರರಿ ಆಫ್ ಕಾಂಗ್ರೆಸ್ ಇವುಗಳಲ್ಲಿ ಬಹಳಷ್ಟನ್ನು ಅಂತರ್ಜಾಲದಲ್ಲಿ ಇಟ್ಟಿದೆ. ನಮ್ಮ ಊರಿನ ಹಾಳೆಯೂ ಇತ್ತು. ಚೌಕದ ಪೂರ್ವದ ಸಾಲಿನಲ್ಲಿ ಬೆರಳಿಟ್ಟು ಎಣಿಸುತ್ತ ಹೋದೆ. ನನ್ನ ಕಟ್ಟಡ ಒಂದು ಗುಲಾಬಿ ಪಟ್ಟಿ, ಅಂಗಡಿಗೆ ಹಾಕುವ ಎಸ್ ಅಕ್ಷರ, ಅದರ ಪಕ್ಕ ಅಂತಸ್ತಿನ ಸಂಖ್ಯೆ ಎರಡು. ಪಕ್ಕದ್ದೂ ಹಾಗೇ, ಎಸ್, ಎರಡು. ನಡುವೆ ಒಂದೇ ಗೆರೆ.

ಆ ಹಾಳೆಯನ್ನು ದೊಡ್ಡದಾಗಿ ಮುದ್ರಿಸಿ ಈಗಿನ ಮನೆಯ ಮೇಜಿನ ಮೇಲ್ಗಡೆ ಅಂಟಿಸಿದ್ದೇನೆ. ನನ್ನ ಮಂಚದ ತಲೆ ಇದ್ದ ಕಡೆ, ಆ ಗೆರೆಯ ಮೇಲೆ, ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಟ್ಟಿದ್ದೇನೆ.